ಆಟ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು?

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹೋಬಳಿ ಮಟ್ಟದಲ್ಲಿ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿ ರಾಜ್ಯ ಮಟ್ಟ ಮುಟ್ಟುವ ತಮ್ಮ ಇಲಾಖೆಯ ಕ್ರೀಡಾಕೂಟಗಳು ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಸಿಗುವ ದೊಡ್ಡ ಅವಕಾಶ. ಕ್ರೀಡಾ ವಸತಿ ನಿಲಯದ ಪ್ರವೇಶ, ಮುಂದೆ ವೃತ್ತಿ ಶಿಕ್ಷಣದಲ್ಲಿ ಕ್ರೀಡಾ ಕೋಟಾ, ಊರಿನಲ್ಲಿ ಸಿಗುವ ಮರ್ಯಾದೆ, ಎಲ್ಲಕ್ಕೂ ದಾರಿ ತೆರೆಯುವುದು ಈ ಮೈದಾನಗಳಿಂದಲೇ. ಇಂಥ ಕೂಟ ನಡೆಸುವಾಗ ವಯೋಮಿತಿ, ಅಂಕಣದ ಅಳತೆ, ತೀರ್ಪುಗಾರರು, ಊಟದ ವ್ಯವಸ್ಥೆ, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರರನ್ನು ಗೊತ್ತುಮಾಡುತ್ತೇವೆ. ಆದರೆ ಓಡುತ್ತಿದ್ದ ಮಗು ಕುಸಿದು ಬಿದ್ದರೆ ಮೊದಲ ಐದು ನಿಮಿಷ ಯಾರು ಏನು ಮಾಡಬೇಕು, ತಲೆಗೆ ಪೆಟ್ಟು ತಿಂದ ಮಗು ಮತ್ತೆ ಅಂಕಣಕ್ಕೆ ಇಳಿಯಬಹುದೇ ಎಂದು ಯಾರು ತೀರ್ಮಾನಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ಬಹುಪಾಲು ಕಡೆ ಉತ್ತರವಿಲ್ಲ. ಆ ಉತ್ತರವನ್ನು ನಿಯಮವಾಗಿ ಬರೆದು, ಅದನ್ನು ನಿಭಾಯಿಸಬಲ್ಲ ತರಬೇತಾದ ಒಬ್ಬ ವ್ಯಕ್ತಿಯನ್ನು ಪ್ರತಿ ಮೈದಾನದ ಬದಿಯಲ್ಲಿ ನಿಲ್ಲಿಸಬೇಕೆಂದು ಕೋರಲು ಈ ಪತ್ರ. ಆ ವ್ಯಕ್ತಿಗೆ ತಂಡದ ಸೋಲುಗೆಲುವಿನಲ್ಲಿ ಪಾಲಿರಬಾರದು. ನನ್ನ ಇಡೀ ವಾದ ನಿಂತಿರುವುದು ಇದರ ಮೇಲೆಯೇ.

ಈ ಕೆಲಸವನ್ನು ಒಂದು ವೃತ್ತಿಯಾಗಿಯೇ ಬೆಳೆಸಿದ ದೇಶ ಅಮೆರಿಕ. ಅಲ್ಲಿನ ಹೈಸ್ಕೂಲುಗಳಲ್ಲಿ ಇವರನ್ನು ಅಥ್ಲೆಟಿಕ್ ಟ್ರೇನರ್ ಎನ್ನುತ್ತಾರೆ. ಆಟ ಕಲಿಸುವುದು ಕೋಚ್‌ಗಳ ಕೆಲಸ, ಆಡುವವರ ದೇಹ ಕಾಯುವುದು ಇವರ ಕೆಲಸ. 1950ರಲ್ಲಿ ಇವರ ರಾಷ್ಟ್ರೀಯ ಸಂಘ ಹುಟ್ಟಿತು. 1990ರಲ್ಲಿ ಅಮೆರಿಕದ ವೈದ್ಯರ ಸಂಘವು ಇದನ್ನು ಆರೋಗ್ಯ ಸೇವೆಯ ವೃತ್ತಿಯೆಂದು ಮಾನ್ಯ ಮಾಡಿತು. ಈಗ ಈ ವೃತ್ತಿಗೆ ಬರಲು ಸ್ನಾತಕೋತ್ತರ ಪದವಿ ಮತ್ತು ಪ್ರಮಾಣೀಕರಣ ಪರೀಕ್ಷೆ ಎರಡೂ ಬೇಕು. ಋತು ಆರಂಭವಾಗುವ ಮುಂಚೆ ಪ್ರತಿ ಮಗುವಿನ ಆರೋಗ್ಯ ಹಿನ್ನೆಲೆ ನೋಡುವುದು, ಉಬ್ಬಸವಿರುವ ಮಗುವಿನ ಇನ್‌ಹೇಲರ್ ಕೈಗೆಟಕುವಂತೆ ಇಡುವುದು, ಬಿಸಿಲಿನ ತಾಪ ಅಳೆದು ಅಭ್ಯಾಸ ಮೊಟಕುಗೊಳಿಸುವುದು, ಉಳುಕಿದ ಕಾಲಿಗೆ ಪಟ್ಟಿ ಕಟ್ಟುವುದಷ್ಟೇ ಅಲ್ಲದೆ ಅದು ಪೂರ್ತಿ ಬಲ ಪಡೆಯುವವರೆಗೆ ದಿನವೂ ವ್ಯಾಯಾಮ ಮಾಡಿಸುವುದು, ಆಂಬುಲೆನ್ಸ್ ಯಾವ ಗೇಟಿನಿಂದ ಬರಬೇಕು, ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನೂ ಮುಂಚಿತವಾಗಿ ಬರೆದಿಡುವುದು ಇವರ ದಿನಚರಿ. ಕಣ್ಣಿಗೆ ಬೀಳದ ಈ ತಯಾರಿಯಿಂದಲೇ ಅಪಾಯದ ಗಳಿಗೆಯಲ್ಲಿ ಕೈ ನಡುಗದಿರಲು ಸಾಧ್ಯ.

ಅಪಾಯದ ಗಳಿಗೆ ಎಂದರೆ ನಿಜಕ್ಕೂ ನಿಮಿಷಗಳ ಲೆಕ್ಕ. ಹೃದಯ ಹಠಾತ್ತನೆ ನಿಂತಾಗ ಎದೆಯೊತ್ತುವ ಸಿಪಿಆರ್ ಸಿಗದ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತ ಹೋಗುತ್ತದೆ. 2023ರ ಜನವರಿ 2ರಂದು ಸಿನ್ಸಿನಾಟಿಯ ಪಂದ್ಯದಲ್ಲಿ ಎದೆಗೆ ಪೆಟ್ಟು ಬಿದ್ದು ಕುಸಿದ ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಇಂದು ಬದುಕಿರುವುದು ಅಂಕಣದಲ್ಲೇ ಸಿಪಿಆರ್ ಶುರುಮಾಡಿದ ಸಹಾಯಕ ಅಥ್ಲೆಟಿಕ್ ಟ್ರೇನರ್ ಡೆನಿ ಕೆಲಿಂಗ್ಟನ್ ಮತ್ತು ಅವರ ಜೊತೆಗಾರರಿಂದ. ಅದು ಕೋಟ್ಯಂತರ ಹಣದ ವೃತ್ತಿಪರ ಆಟ ಎನ್ನಬಹುದು. ಆದರೆ ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ ಹೈಸ್ಕೂಲುಗಳನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯ ನಿಂತ 59 ಪ್ರಕರಣಗಳಲ್ಲಿ ನೂರಕ್ಕೆ 71 ಮಂದಿ ಬದುಕುಳಿದರು. ಆ ಶಾಲೆಗಳಲ್ಲಿ ಬಹುಪಾಲು ಕಡೆ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಡಿತ ಮರಳಿಸುವ ಎಇಡಿ ಯಂತ್ರವಿತ್ತು. ಬಿಸಿಲಾಘಾತದ ಕಥೆಯೂ ಇದೇ. ಓಟಗಾರರ ಒಳಮೈಯ ತಾಪ 40 ಡಿಗ್ರಿ ದಾಟಿ ಮಾತು ತಡವರಿಸತೊಡಗಿದರೆ, ಅರ್ಧ ಗಂಟೆಯೊಳಗೆ ಮೈ ತಂಪಾಗಬೇಕು. ಆದ್ದರಿಂದಲೇ ಅಲ್ಲಿನ ಟ್ರೇನರ್‌ಗಳು ಮೊದಲು ಮಂಜುಗಡ್ಡೆ ನೀರಿನಲ್ಲಿ ಮುಳುಗಿಸಿ ತಂಪು ಮಾಡುತ್ತಾರೆ, ಆಸ್ಪತ್ರೆಗೆ ಸಾಗಿಸುವುದು ಆಮೇಲೆ. ಮ್ಯಾಸಚೂಸೆಟ್ಸ್‌ನ ಫಾಲ್ಮತ್ ಓಟದಲ್ಲಿ 18 ವರ್ಷಗಳಲ್ಲಿ ಬಿಸಿಲಾಘಾತದ 274 ಪ್ರಕರಣಗಳಿಗೆ ಹೀಗೆ ಸ್ಥಳದಲ್ಲೇ ಚಿಕಿತ್ಸೆ ಸಿಕ್ಕಿತು. ಒಂದು ಸಾವೂ ಆಗಲಿಲ್ಲ. ಇದಕ್ಕೆ ಬೇಕಾದದ್ದು ದೊಡ್ಡ ಆಸ್ಪತ್ರೆಯಲ್ಲ. ಒಂದು ತೊಟ್ಟಿ, ಅದಿಲ್ಲದಿದ್ದರೆ ನಾಲ್ಕು ಜನ ಅಂಚು ಹಿಡಿದ ಟಾರ್ಪಾಲಿನ್, ನೀರು, ಐಸು, ಮತ್ತು ಲಕ್ಷಣ ಗುರುತಿಸಬಲ್ಲ ಒಬ್ಬರು.

ಕುಸಿದು ಬಿದ್ದ ಮಗುವಿನ ಅಪಾಯ ಎಲ್ಲರಿಗೂ ಕಾಣುತ್ತದೆ. ಎದ್ದು ನಿಂತು ‘ಏನೂ ಆಗಿಲ್ಲ ಸಾರ್’ ಎನ್ನುವ ಮಗುವಿನ ಅಪಾಯ ಕಾಣುವುದಿಲ್ಲ. ಅಧಿಕಾರದ ಪ್ರಶ್ನೆ ಏಳುವುದೇ ಇಲ್ಲಿ. ಮಿದುಳಿಗೆ ಧಕ್ಕೆಯಾದ ಮಗು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ತಿಂದರೆ ಜೀವಕ್ಕೇ ಕುತ್ತು ಬರಬಹುದು. 2006ರಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಬಾಲಕ ಝ್ಯಾಕರಿ ಲಿಸ್ಟೆಟ್ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೂ ಅದೇ ಪಂದ್ಯಕ್ಕೆ ಮರಳಿ ಆಡಿದ. ಪಂದ್ಯ ಮುಗಿಯುತ್ತಿದ್ದಂತೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಕುಸಿದ. ಜೀವ ಉಳಿಯಿತು, ಅಂಗವೈಕಲ್ಯವೂ ಉಳಿಯಿತು. ಅವನ ಹೆಸರಿನಲ್ಲೇ 2009ರಲ್ಲಿ ಆ ರಾಜ್ಯ ಕಾನೂನು ಮಾಡಿತು. ತಲೆಗೆ ಪೆಟ್ಟಾದ ಅನುಮಾನ ಬಂದರೆ ಮಗುವನ್ನು ತಕ್ಷಣ ಹೊರಗೆ ಕರೆಯಬೇಕು, ಅರ್ಹ ಆರೋಗ್ಯ ವೃತ್ತಿಪರರು ಲಿಖಿತವಾಗಿ ಒಪ್ಪುವವರೆಗೆ ಮರಳಿ ಆಡಿಸಬಾರದು. 2014ರ ಹೊತ್ತಿಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಇಂಥ ಕಾನೂನು ಬಂದಿತ್ತು. ಇದರ ಹಿಂದಿರುವ ತಿಳಿವಳಿಕೆ ಸರಳವಾದದ್ದು. ಆಡುವ ಮಗುವಿಗೆ ಆಡುವ ಆಸೆ, ಕೋಚ್‌ಗೆ ಗೆಲ್ಲುವ ಒತ್ತಡ, ತಂದೆತಾಯಿಗೆ ಸರ್ಟಿಫಿಕೇಟಿನ ಚಿಂತೆ. ಮೂವರೂ ಒಳ್ಳೆಯವರೇ ಆಗಿರಬಹುದು, ಆದರೆ ಆ ಕ್ಷಣದಲ್ಲಿ ಮೂವರ ಮನಸ್ಸೂ ಒಂದೇ ಕಡೆ ವಾಲಿರುತ್ತದೆ. ಹಾಗಾಗಿ ತೀರ್ಮಾನ ನಾಲ್ಕನೆಯವರ ಕೈಯಲ್ಲಿರಬೇಕು.

ಅಂಥ ನಾಲ್ಕನೆಯವರು ಇದ್ದರೆ ನಿತ್ಯದ ಆಟದಲ್ಲಿ ಏನು ವ್ಯತ್ಯಾಸವಾಗುತ್ತದೆ? ಅಮೆರಿಕದಲ್ಲಿ ಟ್ರೇನರ್ ಇರುವ ಮತ್ತು ಇಲ್ಲದ ಹೈಸ್ಕೂಲುಗಳ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಹಾಗೂ ಸಾಕರ್ ತಂಡಗಳನ್ನು ಹೋಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಟ್ರೇನರ್ ಇಲ್ಲದ ಶಾಲೆಗಳಲ್ಲಿ ಒಟ್ಟು ಗಾಯಗಳ ಪ್ರಮಾಣ ಹೆಚ್ಚಿತ್ತು. ಹಳೆಯ ಗಾಯ ಮರುಕಳಿಸುವ ಪ್ರಮಾಣವಂತೂ ಹಲವು ಪಟ್ಟು ಹೆಚ್ಚಿತ್ತು. ತಲೆಪೆಟ್ಟಿನ ಲೆಕ್ಕ ಮಾತ್ರ ತಿರುವುಮುರುವು, ಟ್ರೇನರ್ ಇದ್ದ ಶಾಲೆಗಳಲ್ಲೇ ಅದು ಎಷ್ಟೋ ಪಟ್ಟು ಜಾಸ್ತಿ. ಟ್ರೇನರ್ ಬಂದರೆ ತಲೆಪೆಟ್ಟು ಹೆಚ್ಚುತ್ತದೆ ಎಂದು ಇದನ್ನು ಓದಿಕೊಂಡರೆ ತಪ್ಪಾಗುತ್ತದೆ. ಬಲ್ಲವರಿದ್ದ ಕಡೆ ಪೆಟ್ಟು ಪತ್ತೆಯಾಗಿ ದಾಖಲಾಯಿತು, ಇಲ್ಲದ ಕಡೆ ಆ ಹುಡುಗಿಯರು ತಲೆನೋವು ನುಂಗಿಕೊಂಡು ಆಡಿದರು ಎಂಬುದೇ ಸರಿಯಾದ ಓದು. ನಮ್ಮಲ್ಲಿ ತಲೆಪೆಟ್ಟಿನ ದೂರುಗಳೇ ಇಲ್ಲವಲ್ಲ ಎಂದು ಅಧಿಕಾರಿಗಳು ತಮಗೆ ವರದಿ ಕೊಟ್ಟರೆ, ದಯವಿಟ್ಟು ಈ ಅಂಕಿಗಳನ್ನು ನೆನಪಿಸಿಕೊಳ್ಳಿ. ನೋಡುವವರಿಲ್ಲದ ಕಡೆ ಗಾಯ ದಾಖಲಾಗುವುದಿಲ್ಲ.

ಅಮೆರಿಕದ ರಗ್ಬಿಯಂಥ ಫುಟ್‌ಬಾಲ್ ಬೇರೆ, ನಮ್ಮ ಕಬಡ್ಡಿ, ಖೋಖೋ ಬೇರೆ ಎಂಬ ಆಕ್ಷೇಪ ಬರಬಹುದು. ಆಟ ಬೇರೆ ನಿಜ, ಮಂಡಿಯೂ ಮಿದುಳೂ ಬೇರೆಯಲ್ಲ. ರೈಡರ್‌ನ ಕಾಲು ಹಿಡಿದು ಐದಾರು ಜನ ಮೇಲೆ ಬೀಳುವ ಕಬಡ್ಡಿಯಲ್ಲಿ ಮಂಡಿಯ ಕಟ್ಟು ಹರಿಯುವುದು, ತಲೆಗೆ ತಲೆ ಬಡಿಯುವುದು ಅಪರೂಪವಲ್ಲ. ಓಡುತ್ತಲೇ ಗಕ್ಕನೆ ತಿರುಗುವ ಖೋಖೋದಲ್ಲಿ ಪಾದದ ಕೀಲು ಉಳುಕದ ತಂಡ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ 2022ರ ಜುಲೈನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ಮೈಸೂರಿನ ಯುವಕರೊಬ್ಬರು ತೀರಿಕೊಂಡರು. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಕುಟುಂಬದವರು ಆರೋಪಿಸಿದರು. ಅದು ಶಾಲೆಯ ಕೂಟವಲ್ಲ, ಆದರೆ ಶಾಲೆಯ ಕೂಟಗಳಿಗೆ ಎಚ್ಚರಿಕೆ. ನಮ್ಮ ನೆಲದ್ದೇ ಆದ ಅಪಾಯಗಳೂ ಇವೆ. ರಾಯಚೂರು, ಕಲಬುರಗಿಯ ಬೇಸಿಗೆ ಶಿಬಿರಗಳಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ಕರಾವಳಿಯಲ್ಲಿ ತಾಪ ಕಡಿಮೆಯಿದ್ದರೂ ತೇವಾಂಶದಿಂದಾಗಿ ಬೆವರು ಆರದೆ ಮೈ ಬಿಸಿಯಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. 3000 ಮೀಟರ್ ಓಟಕ್ಕೆ ನಿಲ್ಲುವ ಹುಡುಗಿ ಆ ಅರ್ಧದಲ್ಲಿ ಇದ್ದಾಳೆಯೇ ಎಂದು ಓಡಿಸುವ ಮೊದಲು ಯಾರಾದರೂ ಕೇಳಬೇಕಲ್ಲವೇ?

108 ಆಂಬುಲೆನ್ಸ್ ಇದೆಯಲ್ಲ ಎಂಬುದು ಎರಡನೇ ಆಕ್ಷೇಪ. 2008ರಿಂದ ರಾಜ್ಯದಲ್ಲಿರುವ ಈ ಸೇವೆ ಎಷ್ಟೋ ಜೀವ ಉಳಿಸಿದೆ. ಆದರೆ ಎಷ್ಟೇ ವೇಗವಾಗಿ ಬಂದರೂ ತಾಲ್ಲೂಕು ಕೇಂದ್ರದಿಂದ ಹೋಬಳಿಯ ಮೈದಾನಕ್ಕೆ ಬರುವ ಹೊತ್ತಿಗೆ, ನಿಂತ ಹೃದಯಕ್ಕೆ ಬೇಕಾದ ನಿಮಿಷಗಳು ಕಳೆದುಹೋಗಿರುತ್ತವೆ. ಮೈದಾನದಲ್ಲಿ ಯಾರಾದರೂ ಎದೆಯೊತ್ತುತ್ತ ಇದ್ದರೆ ಮಾತ್ರ ಆ ವಾಹನ ಬಂದುದಕ್ಕೆ ಅರ್ಥವಿದೆ. ದೈಹಿಕ ಶಿಕ್ಷಕರು ಇದನ್ನೆಲ್ಲ ನೋಡಿಕೊಳ್ಳುತ್ತಾರೆ ಎಂಬುದು ಮೂರನೇ ಆಕ್ಷೇಪ, ಮತ್ತು ಇದು ಹೆಚ್ಚು ಗಂಭೀರವಾದದ್ದು. ಪಿ.ಟಿ. ಮೇಷ್ಟ್ರುಗಳ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಇದು ಅವರಿಗೆ ಮಾಡುವ ಅನ್ಯಾಯ. ಎಷ್ಟೋ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ. ಇರುವವರು ತಂಡ ಕಟ್ಟಬೇಕು, ತೀರ್ಪುಗಾರರಾಗಬೇಕು, ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಮನೆ ಮುಟ್ಟಿಸಬೇಕು. ತಂಡ ಸೋತರೆ ಬೈಸಿಕೊಳ್ಳುವವರೂ ಅವರೇ. ಅಂಥವರ ಮೇಲೇ ತಮ್ಮ ಒಳ್ಳೆಯ ಆಟಗಾರನನ್ನು ಫೈನಲ್‌ನಿಂದ ಹೊರಗಿಡುವ ಹೊಣೆಯನ್ನೂ ಹೊರಿಸುವುದು ಸರಿಯಲ್ಲ. ‘ಮೇಷ್ಟ್ರು ಬಿಡಲಿಲ್ಲ’ ಎಂಬ ಮಾತಿನ ಬದಲು ‘ನಿಯಮ ಬಿಡಲಿಲ್ಲ’ ಎನ್ನುವಂತಾದರೆ ಮೊದಲು ನಿರಾಳರಾಗುವವರು ಮೇಷ್ಟ್ರುಗಳೇ.

ಕೊನೆಯದು ಹಣದ ಪ್ರಶ್ನೆ. ಶಾಲೆಗೆ ಒಬ್ಬರಂತೆ ನೇಮಿಸಿ ಎಂದು ನಾನು ಕೇಳುತ್ತಿಲ್ಲ. ಅಮೆರಿಕದಲ್ಲೇ ಸುಮಾರು ಮೂರನೇ ಒಂದರಷ್ಟು ಹೈಸ್ಕೂಲುಗಳಿಗೆ ಟ್ರೇನರ್ ಸೇವೆ ಸಿಗುತ್ತಿಲ್ಲ. ಸಿಗುವ ಕಡೆಯೂ ಹಲವರನ್ನು ಸ್ಥಳೀಯ ಆಸ್ಪತ್ರೆಗಳು ಒಪ್ಪಂದದ ಮೇಲೆ ಕಳಿಸುತ್ತವೆ. ನಮಗೆ ಹೊಂದುವ ದಾರಿಯೂ ಅದೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿಂದ ಪ್ರತಿ ವರ್ಷ ಫಿಸಿಯೊಥೆರಪಿ ಪದವೀಧರರು ಹೊರಬರುತ್ತಾರೆ. ಕ್ರೀಡಾ ಗಾಯ ಮತ್ತು ತುರ್ತು ಚಿಕಿತ್ಸೆಯಲ್ಲಿ ಹೆಚ್ಚುವರಿ ತರಬೇತಿ ಕೊಟ್ಟು, ಮೊದಲಿಗೆ ಜಿಲ್ಲೆಗೊಬ್ಬರು, ನಂತರ ಇನ್ನೂರಕ್ಕೂ ಹೆಚ್ಚಿರುವ ಶೈಕ್ಷಣಿಕ ಬ್ಲಾಕ್‌ಗಳಿಗೆ ಒಬ್ಬೊಬ್ಬರಂತೆ ನೇಮಿಸಬಹುದು. ಅವರಲ್ಲಿ ಮಹಿಳೆಯರು ಸಾಕಷ್ಟು ಇರಲಿ. ಮುಟ್ಟಿನ ದಿನಗಳ ನೋವನ್ನು, ಸುಸ್ತನ್ನು ಹುಡುಗಿಯರು ಗಂಡಸರ ಹತ್ತಿರ ಹೇಳಿಕೊಳ್ಳುವುದಿಲ್ಲ. ನೇಮಕಗೊಂಡವರು ಆರೋಗ್ಯ ಇಲಾಖೆಗೆ ಉತ್ತರದಾಯಿಗಳಾಗಿರಲಿ, ಆಗ ತಂಡದ ಒತ್ತಡ ಅವರನ್ನು ತಾಕುವುದಿಲ್ಲ. 2013ರಿಂದ ಶಾಲೆಗಳಿಗೆ ಬರುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಕ್ರೀಡಾಪಟುಗಳ ಹೃದಯ ಮತ್ತು ರಕ್ತದ ಪರೀಕ್ಷೆಯನ್ನು ಕೂಟಕ್ಕೆ ಮುಂಚೆಯೇ ಮುಗಿಸುವಂತೆ ಎರಡು ಇಲಾಖೆಗಳು ಕೂತು ಮಾತಾಡಿದರೆ ಸಾಕು.

ಈ ನೇಮಕಗಳಿಗೆ ಸಮಯ ಹಿಡಿಯುತ್ತದೆ ಎನ್ನುವುದಾದರೆ, ಖರ್ಚಿಲ್ಲದ ಕೆಲಸಗಳನ್ನು ಇದೇ ವರ್ಷ ಮಾಡಬಹುದು. ತಲೆಗೆ ಪೆಟ್ಟಾದ ಅನುಮಾನವಿರುವ ಮಗುವನ್ನು ಅದೇ ದಿನ ಮತ್ತೆ ಆಡಿಸುವಂತಿಲ್ಲ, ವೈದ್ಯರ ಚೀಟಿಯಿಲ್ಲದೆ ಆಮೇಲೂ ಇಲ್ಲ ಎಂಬ ಒಂದು ಸುತ್ತೋಲೆ ಹೊರಡಿಸಿ. ತುರ್ತು ಯೋಜನೆಯನ್ನು ಒಂದು ಪುಟದಲ್ಲಿ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿಯಾಗದ ಹೊರತು ಯಾವ ಕೂಟವೂ ಶುರುವಾಗದಿರಲಿ. ದೂರದ ಓಟಗಳು ಬೆಳಗ್ಗೆಯೇ ಮುಗಿಯಲಿ. ದೈಹಿಕ ಶಿಕ್ಷಕರಿಗೆ ಸಿಪಿಆರ್ ತರಬೇತಿ ಕಡ್ಡಾಯವಾಗಲಿ. ಅವರು ಮಕ್ಕಳಿಗೆ ಸರಿಯಾದ ವಾರ್ಮ್‌ಅಪ್ ಕಲಿಸಲಿ. ನಾರ್ವೆಯ 13ರಿಂದ 17 ವಯಸ್ಸಿನ ಫುಟ್‌ಬಾಲ್ ಹುಡುಗಿಯರಲ್ಲಿ ಇಪ್ಪತ್ತು ನಿಮಿಷಗಳ ಇಂಥದೊಂದು ವ್ಯಾಯಾಮ ಕ್ರಮವು ಒಟ್ಟು ಗಾಯಗಳನ್ನು ಮೂರನೇ ಒಂದರಷ್ಟು ತಗ್ಗಿಸಿತೆಂದು 2008ರ ಅಧ್ಯಯನ ತೋರಿಸಿದೆ.

ಇಷ್ಟೆಲ್ಲ ನಿಯಮ ತಂದರೆ ಶಾಲೆಗಳು ಹೆದರಿ ಆಟವನ್ನೇ ಬಿಟ್ಟುಬಿಡುತ್ತವೆ ಎನ್ನುವವರಿದ್ದಾರೆ. ಆಟ ಬಿಡಿಸುವುದು ಭಯ, ನಿಯಮವಲ್ಲ. ಅಕ್ಕನ ಮಂಡಿ ಹಾಳಾದ ಮನೆಯಲ್ಲಿ ತಂಗಿಯನ್ನು ಮೈದಾನಕ್ಕೆ ಕಳಿಸುವುದಿಲ್ಲ. ಮಗಳು ಬಿದ್ದರೆ ನೋಡಿಕೊಳ್ಳುವವರಿದ್ದಾರೆ ಎಂಬ ನಂಬಿಕೆ ಹುಟ್ಟಿದರೆ ಇನ್ನೂ ಹೆಚ್ಚು ಮನೆಗಳು ಕಳಿಸುತ್ತವೆ. ಮಾನ್ಯ ಸಚಿವರೇ, ಮಕ್ಕಳು ಶಾಲೆಯ ಹೆಸರಿಗಾಗಿ, ಜಿಲ್ಲೆಯ ಹೆಸರಿಗಾಗಿ ಮೈ ಮರೆತು ಆಡುತ್ತಾರೆ. ಹಾಗೆ ಆಡುವ ವಯಸ್ಸು ಅದು. ಆ ಹೊತ್ತಿನಲ್ಲಿ ಅವರ ಮೈಯನ್ನು ನೆನಪಿಟ್ಟುಕೊಳ್ಳುವ ಹೊಣೆ ಅವರನ್ನು ಆಟಕ್ಕೆ ಕರೆದ ಸರ್ಕಾರದ್ದು. ಮುಂದಿನ ಕ್ರೀಡಾಕೂಟಗಳ ವೇಳಾಪಟ್ಟಿಗೆ ಸಹಿ ಹಾಕುವ ಮುನ್ನ ತಲೆಪೆಟ್ಟಿನ ಸುತ್ತೋಲೆಗೆ ಸಹಿ ಹಾಕಿ, ಮೊದಲ ಹೆಜ್ಜೆ ಅಲ್ಲಿಂದಲೇ ಆಗಲಿ ಎಂದು ವಿನಂತಿಸುತ್ತೇನೆ.

ಗೌರವಪೂರ್ವಕವಾಗಿ,
ಶಾಲಾ ಕ್ರೀಡೆ ಬೆಳೆಯಬೇಕೆಂದು ಬಯಸುವ ಒಬ್ಬ ಕನ್ನಡಿಗ