ಹಳದಿ ಗೂಡಿನೊಳಗೆ ಅಡಗಿದ ಬಿಳಿ



ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂತಹ ಊರುಗಳಲ್ಲಿ ರೇಷ್ಮೆ ಹುಳು ಸಾಕುವ ನಿಮಗೆ ಎಂದಾದರೂ ಹೀಗೆ ಅನ್ನಿಸಿರಬಹುದು: ‘ಈ ಸಲ ಬೆಳೆ ಚೆನ್ನಾಗಿ ಬಂದಿದೆ. ಚಂದ್ರಿಕೆಯಿಂದ ಬಿಡಿಸಿದ ಗೂಡಿನಲ್ಲಿ ದಪ್ಪನೆಯವನ್ನು ಆರಿಸಿ, ನಾವೇ ಮೊಟ್ಟೆ ಇಡಿಸಿದರೆ ಮೊಟ್ಟೆಯ ಖರ್ಚು ಉಳಿಯುವುದಲ್ಲವೇ?’ ರಾಗಿಯಲ್ಲಿ ಒಳ್ಳೆಯ ತೆನೆ ಆರಿಸಿ ಬಿತ್ತನೆಗೆ ಇಡುವ ರೂಢಿಯಿಂದ ಹುಟ್ಟಿದ ಯೋಚನೆ ಇದು. ರಾಗಿಗೆ ಅದು ಸರಿಯೇ. ಅದರ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಮಿಶ್ರತಳಿ ಹುಳುವಿಗೆ ಸಲ್ಲದು. ಆದರೆ ಕಾರಣ ಹೇಳದೆ ‘ಹಾಗೆ ಮಾಡಬೇಡಿ’ ಎಂದಷ್ಟೇ ರೈತರಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ನಿಮ್ಮ ಮಿಶ್ರತಳಿಗೆ ತಾಯಿ ಮೈಸೂರು ತಳಿ, ತಂದೆ ಸಿ.ಎಸ್.ಆರ್.-2ರಂತಹ ದ್ವಿತಳಿ. ತಾಯಿಯ ಗೂಡು ಹಸುರು ಮಿಶ್ರಿತ ಹಳದಿ, ತಂದೆಯದು ಬಿಳಿ. ಮಕ್ಕಳ ಗೂಡೆಲ್ಲ ಹಳದಿ. ಹಾಗಾದರೆ ಬಿಳಿ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ಹುಳು ಪ್ರತಿಯೊಂದು ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಅಂಶವನ್ನು ಪಡೆದಿರುತ್ತದೆ. ಹಳದಿ ಬಣ್ಣ ಇರುವುದು ಹಿಪ್ಪುನೇರಳೆ ಸೊಪ್ಪಿನಲ್ಲಿ. ಅದನ್ನು ಕರುಳಿನಿಂದ ರಕ್ತಕ್ಕೆ ದಾಟಿಸಲು ಒಂದು ಅಂಶ ಬೇಕು. ರಕ್ತದಿಂದ ಅದು ರೇಷ್ಮೆ ಗ್ರಂಥಿಗೆ ಸೇರುತ್ತದೆ. ಎರಡರಲ್ಲಿ ಒಂದು ಅಂಶ ಕೆಲಸ ಮಾಡಿದರೂ ಸಾಕು, ಗೂಡು ಹಳದಿಯಾಗುತ್ತದೆ. ಎರಡೂ ಕೆಲಸ ಮಾಡದಿದ್ದರೆ ಮಾತ್ರ ಬಿಳಿ. ಹೀಗೆ ಮರೆಯಾಗಿ ಉಳಿಯುವುದನ್ನು ಪಠ್ಯಪುಸ್ತಕಗಳು ‘ದುರ್ಬಲ ಗುಣ’ ಎನ್ನುತ್ತವೆ. ಈ ಹೆಸರು ನನಗೆ ಹಿಡಿಸದು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಹೆಚ್ಚು ಬೆಲೆ ತರುವ ದ್ವಿತಳಿಯ ಬಿಳಿಯನ್ನು ದುರ್ಬಲ ಎನ್ನುವುದು ಹೇಗೆ? ಅಡಗಿದ ಗುಣ ಎಂದರೆ ಸಾಕು.

ಈಗ ಮಿಶ್ರತಳಿಯ ಗಂಡು ಹೆಣ್ಣುಗಳನ್ನೇ ಕೂಡಿಸಿದಿರೆನ್ನಿ. ಈ ಒಂದು ಅಂಶವನ್ನಷ್ಟೇ ಲೆಕ್ಕ ಹಿಡಿದರೆ ನಾಲ್ಕು ಮರಿಗಳಲ್ಲಿ ಮೂರು ಹಳದಿ, ಒಂದು ಬಿಳಿ. ಆ ಮೂರು ಹಳದಿಯಲ್ಲಿಯೂ ಎರಡು ಬಿಳಿಯನ್ನು ಒಳಗೆ ಹೊತ್ತಿರುತ್ತವೆ. ಯಾವ ಎರಡು ಎಂದು ಕಣ್ಣಿಗೆ ಕಾಣದು. ಗೂಡು ನೋಡಿ ಬಿತ್ತನೆ ಆರಿಸುವವನು ಸೋಲುವುದು ಇಲ್ಲಿಯೇ. ಮೆಂಡೆಲನು ಬಟಾಣಿಯಲ್ಲಿ ಕಂಡ ಈ ನಿಯಮ ರೇಷ್ಮೆ ಹುಳುವಿಗೂ ಅನ್ವಯಿಸುತ್ತದೆಂದು 1906ರಲ್ಲಿ ತೋರಿಸಿದವರು ಜಪಾನಿನ ಟೊಯಾಮಾ ಕಮೆತಾರೊ. ಮೈಸೂರು ತಳಿಯ ಹಸುರು ಛಾಯೆಗೆ ಬೇರೆ ಅಂಶಗಳೂ ಸೇರಿರುವುದರಿಂದ ನಿಮ್ಮ ಮನೆಯ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬಾರದು.

‘ಬಿಳಿ ಗೂಡು ಬಂದರೆ ಲಾಭವೇ ಅಲ್ಲವೇ?’ ಎಂದು ಕೇಳಬಹುದು. ಅಲ್ಲ. ಬಣ್ಣದ ಅಂಶ ಬಂದಿತೆಂದು ಎಳೆಯ ಉದ್ದದ ಅಂಶಗಳೂ ಜೊತೆಗೇ ಬರುವುದಿಲ್ಲ. ಅವು ಬೇರೆಬೇರೆಯಾಗಿ ಹಂಚಿಹೋಗುತ್ತವೆ. ದ್ವಿತಳಿಯ ಗೂಡಿನಿಂದ ಸುಮಾರು 1000 ಮೀಟರ್ ಎಳೆ ಬಂದರೆ ಮೈಸೂರು ತಳಿಯದು ಸುಮಾರು 400 ಮೀಟರ್. ನಿಮ್ಮ ಮನೆಯಲ್ಲಿ ಹುಟ್ಟಿದ ಬಿಳಿ ಗೂಡು ಈ ಎರಡರ ನಡುವೆ ಎಲ್ಲಿಯಾದರೂ ನಿಲ್ಲಬಹುದು. ಹುಳುಗಳು ಒಂದೇ ಸಮನೆ ಹಣ್ಣಾಗವು, ಮಿಶ್ರತಳಿಯ ಕಸುವು ಇಳಿಯುತ್ತದೆ, ರಾಮನಗರದ ಮಾರುಕಟ್ಟೆಯಲ್ಲಿ ರೀಲರು ಕಲಬೆರಕೆ ಗೂಡನ್ನು ಕಂಡು ಬೆಲೆ ಇಳಿಸುತ್ತಾನೆ. ಇದರ ಮೇಲೆ ಗಂಟು ರೋಗದ ಭಯ. ಅದು ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಸೂಕ್ಷ್ಮದರ್ಶಕದಲ್ಲಿ ತಾಯಿ ಪತಂಗವನ್ನು ಪರೀಕ್ಷಿಸದೆ ತಿಳಿಯುವುದಿಲ್ಲ. ಬಿತ್ತನೆ ಮೊಟ್ಟೆಯ ಉತ್ಪಾದನೆ, ಮಾರಾಟಗಳನ್ನು 1959ರ ಕಾಯಿದೆ ನಿಯಂತ್ರಿಸುವುದು ಸುಮ್ಮನೆ ಅಲ್ಲ.

ಆದುದರಿಂದ ಪ್ರತಿ ಬೆಳೆಗೂ ಶುದ್ಧ ತಾಯಿ, ಶುದ್ಧ ತಂದೆ ಹೊಸದಾಗಿಯೇ ಬೇಕು. ಮಾಗಡಿ, ಕುಣಿಗಲ್ ಕಡೆ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವವರು ನಿಮಗಾಗಿ ಮಾಡುವುದು ಈ ಕೆಲಸವನ್ನೇ. ಕಡಿಮೆ ಇಳುವರಿಯ ತಳಿಯನ್ನು ಸಾಕುವ ಅವರಿಗೆ ಹೊಟ್ಟೆ ತುಂಬುವ ಬೆಲೆ ಕೊಡದಿದ್ದರೆ ನಿಮ್ಮ ಮಿಶ್ರತಳಿಯೂ ಉಳಿಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊಟ್ಟೆಯನ್ನಾಗಲಿ ಚಾಕಿ ಹುಳುವನ್ನಾಗಲಿ ಕೊಳ್ಳುವಾಗ ತಂದೆ ತಾಯಿ ತಳಿ ಯಾವುದು, ಯಾವ ಬಿತ್ತನೆ ಕೋಠಿಯದು ಎಂದು ಕೇಳಿ ರಸೀದಿ ಪಡೆಯಿರಿ. ಶುದ್ಧ ತಳಿಗಳಿಂದ ಹುಟ್ಟಿದ ಹಳದಿ ಮಿಶ್ರತಳಿಯ ಬೆಳೆಯಲ್ಲಿ ಬಿಳಿ ಗೂಡು ಕಾಣಬಾರದು. ಕಂಡರೆ ಸೊಪ್ಪನ್ನಾಗಲಿ ಹವೆಯನ್ನಾಗಲಿ ಬೈಯದೆ, ಆ ಗೂಡುಗಳನ್ನು ಎಣಿಸಿ ಬೇರೆ ಇಟ್ಟು, ರಸೀದಿಯೊಡನೆ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ಕೊಂಡೊಯ್ದು ತೋರಿಸಿರಿ.