ತೂಕದವನಿಗೆ ಬೀರುವಿನ ಬೀಗದ ಕೈ ಏಕೆ?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ತೂಗುವ ನೌಕರನಿಗೆ ತಕ್ಕಡಿ ಸಾಕು. ಕಚೇರಿಯ ಬೀರುವಿನ ಬೀಗದ ಕೈಯನ್ನು ಯಾರೂ ಅವನಿಗೆ ಕೊಡುವುದಿಲ್ಲ. ಅವನ ಮೇಲೆ ಅನುಮಾನವೆಂದಲ್ಲ. ದಿನವಿಡೀ ನೂರಾರು ಜನರ ನಡುವೆ ನಿಲ್ಲುವವನ ಜೇಬಿಗೆ ಯಾರಾದರೂ ಕೈ ಹಾಕಿದರೂ ಬೀರು ಉಳಿಯಲಿ ಎಂದು.

ವೆಬ್ ಸರ್ವರ್‌ಗೂ ಇದೇ ನ್ಯಾಯ. ಯಾವ ಊರಿನಿಂದ ಯಾರು ಕೇಳಿದರೂ ಪುಟವನ್ನು ಕಳಿಸುವ ತಂತ್ರಾಂಶ ಅದು. ಅದರಲ್ಲಿ ದೋಷವಿದ್ದರೆ ಕಿಡಿಗೇಡಿ ಅದರ ಮೂಲಕವೇ ಒಳನುಗ್ಗುತ್ತಾನೆ. ಹಾಗೆ ನುಗ್ಗಿದವನಿಗೆ, ಸರ್ವರ್‌ಗೆ ಇದ್ದ ಅಧಿಕಾರವೆಲ್ಲ ದಕ್ಕುತ್ತದೆ.

2001ರ ಜುಲೈ 19ರಂದು ‘ಕೋಡ್ ರೆಡ್’ ಎಂಬ ಹುಳು 14 ಗಂಟೆಗಳೊಳಗೆ 3,59,000ಕ್ಕೂ ಹೆಚ್ಚು ಗಣಕಯಂತ್ರಗಳಿಗೆ ಹರಡಿತು. ಅದು ಹೊಕ್ಕ ಮೈಕ್ರೋಸಾಫ್ಟ್ ಸರ್ವರ್‌ನ ಭಾಗಕ್ಕೆ ಇಡೀ ಯಂತ್ರದ ಮೇಲೆ ಅಧಿಕಾರವಿತ್ತು. ಅದೆಲ್ಲ ಹುಳುವಿನ ಪಾಲಾಯಿತು. ದೋಷ ಸರಿಪಡಿಸುವ ತೇಪೆ ಒಂದು ತಿಂಗಳು ಮೊದಲೇ ಬಂದಿತ್ತು, ಹಲವರು ಹಾಕಿಕೊಂಡಿರಲಿಲ್ಲ.

ಹಾಗಾದರೆ ಅಷ್ಟು ಅಧಿಕಾರ ಕೊಡುವುದಾದರೂ ಏಕೆ? ಗಣಕಕ್ಕೆ ಹೊರಗಿನ ಕೋರಿಕೆಗಳು ‘ಪೋರ್ಟ್’ ಎಂಬ ಸಂಖ್ಯೆಯ ಬಾಗಿಲುಗಳಿಂದ ಬರುತ್ತವೆ. ವೆಬ್‌ಗೆ 80 ಮತ್ತು 443 ಮೀಸಲು. ಯೂನಿಕ್ಸ್, ಲಿನಕ್ಸ್‌ಗಳ ಸಂಪ್ರದಾಯದಂತೆ 1024ಕ್ಕಿಂತ ಕೆಳಗಿನ ಬಾಗಿಲನ್ನು ತೆರೆಯಲು ಸರ್ವಾಧಿಕಾರಿಯಾದ ‘ರೂಟ್’ ಬೇಕು. ಹಲವರು ಬಳಸುವ ಗಣಕದಲ್ಲಿ ಯಾರೋ ಒಬ್ಬ ತಾನೇ ಅಧಿಕೃತ ಸರ್ವರ್ ಎಂದು ವೇಷ ಹಾಕದಿರಲೆಂಬ ಎಚ್ಚರಿಕೆ ಇದು.

ಇದಕ್ಕೆ ಪರಿಹಾರಗಳಿವೆ. ಅಪಾಚೆ ಸರ್ವರ್ ರೂಟ್ ಆಗಿ ಬಾಗಿಲನ್ನು ತೆರೆದು, ಕೋರಿಕೆಗಳಿಗೆ ಉತ್ತರಿಸುವ ಕೆಲಸವನ್ನು ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ಓಡುವ ಭಾಗಗಳಿಗೆ ಒಪ್ಪಿಸುತ್ತದೆ. ಲಿನಕ್ಸ್‌ನಲ್ಲಿ ಕೆಳಗಿನ ಬಾಗಿಲನ್ನು ತೆರೆಯುವ ಒಂದೇ ಅಧಿಕಾರವನ್ನು ಬೇರ್ಪಡಿಸಿ ಕೊಡಲೂಬಹುದು. ಇಲ್ಲವೇ ಸರ್ವರನ್ನು 8080ರಲ್ಲಿ ನಡೆಸಿ, 80ಕ್ಕೆ ಬಂದ ಕೋರಿಕೆಯನ್ನು ಅಲ್ಲಿಗೆ ತಿರುಗಿಸಬಹುದು. ಪುಟದ ಕಡತಗಳನ್ನು ಓದಲು ಮಾತ್ರ ಬಿಟ್ಟು, ತಿದ್ದಲು ಬಿಡದಿದ್ದರೆ ಇನ್ನೂ ಕ್ಷೇಮ. ಆಗಲೂ ಕಳ್ಳ ಬರಬಹುದು. ಆದರೆ ಅವನು ಜಗಲಿ ದಾಟುವುದು ಕಷ್ಟ.

ಚಿಕ್ಕಬಳ್ಳಾಪುರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ, ಲ್ಯಾಪ್‌ಟಾಪ್‌ನಲ್ಲಿ ಪುಟ್ಟ ಸರ್ವರ್ ನಡೆಸಿ ಕಲಿಯುವ ವಿದ್ಯಾರ್ಥಿಗೆ 8080 ಸಾಕು, ರೂಟ್ ಬೇಕಿಲ್ಲ. ‘ಅನುಮತಿ ಇಲ್ಲ’ ಎಂದಾಗಲೆಲ್ಲ ರೂಟ್ ಆಗಿ ನಡೆಸಿಬಿಡುವ ಅಭ್ಯಾಸವನ್ನು ಈಗಲೇ ಬಿಡುವುದು ಒಳ್ಳೆಯದು. ಏಕೆ ಇಲ್ಲ ಎಂದು ಹುಡುಕುವುದೇ ಅಲ್ಲಿನ ಪಾಠ.

ತಂದೆ ತಾಯಂದಿರೂ ಮನೆಯ ಗಣಕದಲ್ಲಿ ಮಕ್ಕಳ ದಿನಬಳಕೆಗೆ ಸಾಮಾನ್ಯ ಖಾತೆಯನ್ನೇ ತೆರೆಯಲಿ. ಅಡ್ಮಿನ್ ಪಾಸ್‌ವರ್ಡ್ ಬೀರುವಿನ ಬೀಗದ ಕೈಯಂತೆ, ಬೇಕಾದಾಗ ತೆಗೆದರಾಯಿತು.