ಭೀಮಾ ಹಸಿರಾದರೆ ಲೆಕ್ಕ ಇಡೋರು ಯಾರು?

ವಡಗೇರಾ ತಾಲ್ಲೂಕಿಗೆ ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ಭೀಮಾ. ನಮ್ಮ ರಾಜಕಾರಣಕ್ಕೆ ಈ ನದಿಗಳು ನೆನಪಾಗೋದು ಎರಡೇ ಸಲ: ಪ್ರವಾಹ ಬಂದಾಗ, ನೀರು ಬತ್ತಿದಾಗ. ನಡುವಿನ ತಿಂಗಳುಗಳಲ್ಲಿ ನೀರೊಳಗೆ ಬೆಳೆಯೋ ಪಾಚಿ ಯಾರ ಭಾಷಣಕ್ಕೂ ಬರಲ್ಲ.

ಮಳೆಗಾಲದ ರಾಡಿ ನೀರಲ್ಲಿ ಬೆಳಕು ಒಳಗಿಳಿಯಲ್ಲ, ಇದ್ದ ಪಾಚಿಯೂ ಕೊಚ್ಚಿಹೋಗುತ್ತೆ. ಚಳಿಗಾಲಕ್ಕೆ ನೀರು ತಿಳಿಯಾಗಿ ಕಲ್ಲಿನ ಮೇಲೆ ಕಂದು ಲೋಳೆ ಕೂರುತ್ತೆ. ಅದು ಡಯಾಟಮ್, ಮೀನು-ಹುಳುಗಳ ಊಟ. ತೊಂದರೆ ಬೇಸಿಗೆಯದ್ದು. ಗುರುಸಣಗಿ, ಜೋಳದಡಗಿಯಂಥ ಬ್ಯಾರೇಜುಗಳ ಹಿಂದೆ ನಿಂತ ಬೆಚ್ಚಗಿನ ನೀರು ನೀಲಿ-ಹಸಿರು ಪಾಚಿಗೆ ಹೇಳಿ ಮಾಡಿಸಿದ ಜಾಗ. ಅದಕ್ಕೆ ಬೇಕಾದ ಸಾರಜನಕ, ರಂಜಕ ನಾವೇ ಕೊಡ್ತೀವಿ: ಊರಿನ ಚರಂಡಿ, ನಾರಾಯಣಪುರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಿಂದ ಬಸಿಯೋ ಗೊಬ್ಬರ. ಭೀಮೆಯ ಮೇಲ್ಭಾಗದಲ್ಲಿ ಪುಣೆಯ ಕೊಳಚೆ ಸೇರೋ ಉಜನಿ ಜಲಾಶಯ ಇದೆ. ಅಲ್ಲಿ ನೀರು ಹಸಿರಾಗೋದು ಹಳೇ ಸುದ್ದಿ.

ಎಲ್ಲಾ ಪಾಚಿ ವಿಷ ಅಲ್ಲ, ಹೆದರಿಸೋದು ಬೇಡ. ಆದರೆ ಮೈಕ್ರೋಸಿಸ್ಟಿಸ್‌ನಂಥವು ಯಕೃತ್ತಿಗೆ ಹಾನಿ ಮಾಡೋ ಮೈಕ್ರೋಸಿಸ್ಟಿನ್ ಉತ್ಪಾದಿಸಬಲ್ಲವು. ನೀರು ಕುದಿಸಿದರೂ ಅದು ಹೋಗಲ್ಲ. ದಿನಾ ಕುಡಿಯೋ ನೀರಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಯಾದಗಿರಿ ನಗರ ಕುಡಿಯೋದು ಇದೇ ಭೀಮೆಯ ನೀರು.

ಈಗ ಸರ್ಕಾರಿ ಮಾಪನ ನೋಡಿ. ಶುದ್ಧೀಕರಿಸಿ ಕುಡಿಯಬಹುದಾದ 'ಸಿ' ದರ್ಜೆಯ ನದಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರೋ ಅಳತೆ ನಾಲ್ಕು: ಕೋಲಿಫಾರ್ಮ್, ಪಿಎಚ್, ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ, ಬಿಒಡಿ ಗರಿಷ್ಠ 3. ಪಾಚಿಗೆ ಕಾಲಂ ಇಲ್ಲ. ಇದರಲ್ಲೊಂದು ತಮಾಷೆ ಇದೆ. ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತೆ, ರಾತ್ರಿ ಹೀರುತ್ತೆ. ಮಧ್ಯಾಹ್ನ ಸ್ಯಾಂಪಲ್ ತೆಗೆದರೆ ಹಸಿರುಗಟ್ಟಿದ ನದಿಯೂ ಆ ಅಳತೆಯಲ್ಲಿ ಪಾಸ್! ನಸುಕಿನಲ್ಲಿ ಮೀನು ಸತ್ತು ತೇಲಿದಾಗ ಮಾತ್ರ ಗೊತ್ತಾಗುತ್ತೆ.

ಉಪಾಯ ದುಬಾರಿಯದ್ದಲ್ಲ. 1969ರಲ್ಲಿ ಪಾಮರ್ ಎಂಬ ವಿಜ್ಞಾನಿ ಕೊಳಚೆ ಸಹಿಸೋ 20 ಪಾಚಿ ಕುಲಗಳಿಗೆ ಅಂಕ ಕೊಟ್ಟರು; ಆಸಿಲಟೋರಿಯಾಕ್ಕೆ 5, ಯೂಗ್ಲಿನಾಕ್ಕೆ 5, ಹೀಗೆ. ಒಟ್ಟು 20 ದಾಟಿದರೆ ಸಾವಯವ ಮಾಲಿನ್ಯ ಜೋರಾಗಿದೆ ಅಂತ. ಪದವಿ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನ ಮೈಕ್ರೋಸ್ಕೋಪ್ ಸಾಕು. ಮೂರೂ ಕಾಲದಲ್ಲಿ, ಒಂದೇ ಜಾಗದಲ್ಲಿ ಸ್ಯಾಂಪಲ್ ತೆಗೀಬೇಕು, ಯಾಕಂದ್ರೆ ಒಂದೇ ಸಲದ ಎಣಿಕೆ ಕಾಲದ ಗುಣವೋ ಕೊಳಚೆಯ ಗುಣವೋ ಹೇಳಲ್ಲ. ಜಿಲ್ಲಾ ಪಂಚಾಯ್ತಿ ಕಾಲೇಜುಗಳಿಗೆ ಈ ಕೆಲಸ ವಹಿಸಿ, ಬಂದ ಅಂಕವನ್ನ ಗ್ರಾಮ ಪಂಚಾಯ್ತಿ ಗೋಡೆ ಮೇಲೆ ಬರೆಸಲಿ. ಮೊದಲ ಸ್ಯಾಂಪಲ್ ಬರೋ ಮಾರ್ಚ್‌ನಲ್ಲೇ ತೆಗೀಬಹುದು, ಬ್ಯಾರೇಜಿನ ನೀರು ನಿಂತಿರುವಾಗ.